ಮುರೇಜಿಯ ಮೊದಲ ಕಾಡುಮೇಕೆ

ಇಡೀ ರಗಳೆ ಶುರುವಾದದ್ದು ಒಂದು ಹಲ್ಲುಜ್ಜುವ ಬ್ರಷ್ಷಿನಿಂದ. ಆ ವರ್ಷದ ಬೇಟೆಗಾಲದ ಕೊನೆಯ ದಿನ ಬೆಳಕು ಹರಿಯುವ ಮೊದಲೇ ನಮ್ಮೂರ ಬಸ್ ಡ್ರೈವರ್ ಮುರೇಜಿ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದ. ಗರಗಸ ತಂದು ಹಿಡಿಯನ್ನು ಅರ್ಧಕ್ಕೆ ಕೊಯ್ದ. ಮತ್ತೆ ತೂಗಿದ. ಒಂಬತ್ತು ಗ್ರಾಂ ಕಡಿಮೆಯಾಗಿತ್ತು. ಸಂಜೆ ಮನೆಗೆ ಬರುವವನಿಗೆ ಬೆಟ್ಟದ ಮೇಲೆ ಬ್ರಷ್ ಯಾಕೆ ಅಂತ ನೀವು ಕೇಳಬಹುದು. ನಮ್ಮ ಆಲ್ಪ್ಸ್ ಕಣಿವೆಯಲ್ಲಿ ಬೇಟೆಗಾರನ ಚೀಲದ ಬಗ್ಗೆ ಯಾರೂ ಅಂಥ ಪ್ರಶ್ನೆ ಕೇಳುವುದಿಲ್ಲ.

ಆ ಖುಷಿಯಲ್ಲಿ ಅವನ ಕೈ ಸುಮ್ಮನಿರಲಿಲ್ಲ. ಹಗ್ಗ ತೆಗೆದು ಪಕ್ಕಕ್ಕಿಟ್ಟ, ಮುನ್ನೂರು ಗ್ರಾಂ. ಮಾಂಸಕ್ಕೆ ನೊಣ ಕೂರದಂತೆ ಸವರುವ ಮೆಣಸಿನ ಡಬ್ಬಿ ತೆಗೆದು ಹನ್ನೊಂದೇ ಕಾಳು ಎಣಿಸಿ ಕಾಗದದಲ್ಲಿ ಕಟ್ಟಿಕೊಂಡ. ಅಪ್ಪನ ಕಾಲದ ದಪ್ಪ ಕ್ಯಾನ್ವಾಸ್ ಚೀಲವನ್ನು ಗೂಟಕ್ಕೆ ಹಾಕಿ, ಹೊಸದಾಗಿ ತರಿಸಿದ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದ ಚೀಲವನ್ನು ಬೆನ್ನಿಗೇರಿಸಿದ.

ಹೆಂಡತಿ ಓನಾ ಬಾಗಿಲಲ್ಲಿ ನಿಂತಿದ್ದಳು. "ನೆನಪಿದೆ ತಾನೆ?"

"ಇದೆ."

"ಏನು ನೆನಪಿದೆ, ಹೇಳು."

"ಇವತ್ತು ಸಂಜೆ ಆರಕ್ಕೆ ನಿಮ್ಮಮ್ಮ ಊಟಕ್ಕೆ ಬರ್ತಾರೆ. ನಾನು ಹೊಡೆದ ಮಾಂಸ ತಟ್ಟೇಲಿರಬೇಕು. ಇಲ್ಲದಿದ್ರೆ ಮುಂದಿನ ವರ್ಷ ಬೇಟೆ ಇಲ್ಲ, ಆ ಎರಡು ವಾರ ರಜೆ ನಿಮ್ಮಮ್ಮನ ಜೊತೆ ಸಮುದ್ರ ತೀರದಲ್ಲಿ."

"ಹನ್ನೊಂದು ವರ್ಷ ಕಾದಿದೀನಿ, ಮುರೇಜಿ. ಹನ್ನೊಂದು ಸೆಪ್ಟೆಂಬರ್. ನೀನು ತಂದದ್ದು ಬರೀ ನೆಗಡಿ."

ಮಾತು ಸುಳ್ಳಲ್ಲ. ಆದರೆ ಮುರೇಜಿಗೆ ಬೆಟ್ಟದ ಮೇಲಿನ ಆ ಎರಡು ವಾರ ಪ್ರಾಣ. ಮರಗಳು ಬೆಳೆಯುವ ಎತ್ತರ ದಾಟಿದ ಮೇಲೆ ಅವನದೊಂದು ಪುಟ್ಟ ಗುಡಿಸಲಿದೆ: ಒಂದೇ ಕೋಣೆ, ಎರಡು ಹಲಗೆ ಮಂಚ, ಒಂದು ಒಲೆ. ವರ್ಷವಿಡೀ ಬಸ್ಸಿನಲ್ಲಿ ಜನರ ಗದ್ದಲ ಕೇಳುವವನಿಗೆ ಅಲ್ಲಿನ ಮೌನ ಅಂದರೆ ಸ್ವರ್ಗ. ಇನ್ನು ಅತ್ತೆ ಬಾರ್ಬ್ಲಾ ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ನಿವೃತ್ತರಾದದ್ದು ಇನ್ನೂ ಅವರ ಗಮನಕ್ಕೆ ಬಂದಿಲ್ಲ.

ದೇವರು ಆ ದಿನ ಯಾವ ಗುಂಗಿನಲ್ಲಿದ್ದನೋ, ಎಂಟು ಗಂಟೆಗೆ ಬಂಡೆಯ ತುದಿಯಲ್ಲಿ ಒಂದು ಕಾಡುಮೇಕೆ ಬಂದು ನಿಂತಿತು. ಮುರೇಜಿ ದುರ್ಬೀನು ಇಳಿಸಿದ, ಬಂದೂಕು ಎತ್ತಿದ, ಉಸಿರು ಹಿಡಿದ. ಒಂದೇ ಗುಂಡು. ಮೇಕೆ ಬಿದ್ದ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. ಇದನ್ನು ಇನ್ಯಾರೋ ಹೊಡೆದಿರಬೇಕು ಅಂತ ಸುತ್ತಲೂ ನೋಡಿದ. ಆಮೇಲೆ ಟೊಪ್ಪಿ ತೆಗೆದು ಅದರ ಪಕ್ಕ ಕೂತು ಸ್ವಲ್ಪ ಹೊತ್ತು ಅತ್ತ.

ಹೊಟ್ಟೆ ಬಗೆದು ಕರುಳು ತೆಗೆದ. ಕಲೀಜವನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಮೇಕೆಯನ್ನು ಮಡಿಸಿ ಚೀಲಕ್ಕೆ ತುರುಕಿ ಎದ್ದು ನಿಂತ. ಇಪ್ಪತ್ತು ಹೆಜ್ಜೆ ಚೀಲ ತಡೆಯಿತು. ಇಪ್ಪತ್ತೊಂದನೆಯದಕ್ಕೆ ಪರ್ರನೆ ಹರಿದು, ಮೇಕೆ ಹುಲ್ಲಿನ ಇಳಿಜಾರಿನಲ್ಲಿ ಉರುಳತೊಡಗಿತು. ಮುರೇಜಿ ಹಿಂದೆ ಓಡಿದ.

ಕೆಳಗೆ ತೊರೆಯ ಪಕ್ಕ ಅವನ ಪಕ್ಕದ ಮನೆಯ ಕಸ್ಪರ್ ಮತ್ತು ಎದುರು ಮನೆಯ ಡೂರಿ ಚೀಸು ತಿನ್ನುತ್ತ ಕೂತಿದ್ದರು. ಇಬ್ಬರೂ ಹಳೇ ಬೇಟೆಗಾರರು. ಮೇಕೆ ಬಂದು ಅವರ ಕಾಲಬುಡದಲ್ಲಿ ನಿಂತಿತು.

"ಇದು ಯಾರದಪ್ಪಾ?" ಅಂದ ಕಸ್ಪರ್.

"ನಂದು," ಅಂದ ಮುರೇಜಿ, ಏದುಸಿರು ಬಿಡುತ್ತ.

"ನಿಂದಾ? ಪಾಪ, ನಿನ್ನ ಕೈಲಿ ಆಗಲ್ಲ ಅಂತ ತಾನೇ ಇಳಿದು ಬಂದುಬಿಡ್ತು ನೋಡು."

ಡೂರಿ ಹರಿದ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಹಗ್ಗ ಎಲ್ಲಯ್ಯ?"

"ಮುನ್ನೂರು ಗ್ರಾಂ ಇತ್ತು, ಮನೇಲಿ ಬಿಟ್ಟೆ."

"ಬುದ್ಧಿ ಎಷ್ಟು ಗ್ರಾಂ ಇತ್ತು? ಅದನ್ನೂ ಅಲ್ಲೇ ಬಿಟ್ಟಿದೀಯಲ್ಲ."

ಮಾಂಸಕ್ಕೆ ಮಣ್ಣು ಮೆತ್ತಿತ್ತು. ತೊರೆಯಲ್ಲಿ ತೊಳೆ ಅಂದ ಡೂರಿ. ನೀರು ಸೋಕಿದರೆ ಮಾಂಸ ಕೆಡುತ್ತೆ, ಚಾಕುವಿನಿಂದ ಕೆರೆದು ತೆಗೆ ಅಂದ ಕಸ್ಪರ್. ಇಬ್ಬರೂ ಅರ್ಧ ಗಂಟೆ ಜಗಳ ಆಡಿದರು. ಮುರೇಜಿ ಇಬ್ಬರ ಮನಸ್ಸೂ ನೋಯಬಾರದೆಂದು ಎಡಗಡೆ ತೊಳೆದ, ಬಲಗಡೆ ಕೆರೆದ. ಅಷ್ಟರಲ್ಲಿ ಬಿಸಿಗಾಳಿ ಎದ್ದು ನೊಣ ಬಂದವು. ಹನ್ನೊಂದು ಕಾಳು ಮೆಣಸು ಕುಟ್ಟಿ ಸವರಿದ. ನೊಣಗಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಕೊನೆಗೆ ಗೆಳೆಯರಿಬ್ಬರೂ ಮೇಕೆಯನ್ನು ಕೋಲಿಗೆ ಕಟ್ಟಿ ಹೊತ್ತರು. ಕಟ್ಟಲು ಹಗ್ಗವಿಲ್ಲ, ಮುರೇಜಿಯ ಪ್ಯಾಂಟಿನ ಸಸ್ಪೆಂಡರೇ ಆಗಬೇಕಾಯಿತು. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮುರೇಜಿ ತನ್ನ ಜೀವನದ ಮೊದಲ ಬೇಟೆಯ ಹಿಂದೆ ಊರೊಳಗೆ ನಡೆದು ಬಂದ. ಕಿಟಕಿಗಳೆಲ್ಲ ತೆರೆದವು. ಜನ ಕಸ್ಪರನಿಗೂ ಡೂರಿಗೂ ಶುಭಾಶಯ ಹೇಳಿದರು.

ನಮ್ಮೂರಲ್ಲಿ ಹೊತ್ತವನಿಗೆ ತೊಡೆ ಕೊಡಬೇಕು. ಹೊತ್ತವರು ಇಬ್ಬರು, ಮೇಕೆಗೆ ಹಿಂದಿನ ತೊಡೆ ಎರಡೇ. ಕಸ್ಪರ್ ತೊಳೆಯದ ಬಲದ್ದನ್ನು ಆರಿಸಿಕೊಂಡ, ಡೂರಿ ತೊಳೆದ ಎಡದ್ದನ್ನು. ಉಳಿದ ಮಾಂಸ ನೆಲಮಾಳಿಗೆಯಲ್ಲಿ ವಾರವಿಡೀ ನೇತಾಡಬೇಕು, ಇಲ್ಲದಿದ್ದರೆ ಹಲ್ಲಿಗೆ ಜಗ್ಗುವುದಿಲ್ಲ. ಇವತ್ತೇ ತಿನ್ನುವಂಥದ್ದು ಒಂದೇ: ಜೇಬಿನಲ್ಲಿದ್ದ ಕಲೀಜ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

"ಕಲೀಜ ಹೊಡೆದವನೇ ಬೇಯಿಸಬೇಕು," ಅಂದ ಕಸ್ಪರ್, ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತು. ಊಟಕ್ಕೆ ಅವನನ್ನು ಯಾರೂ ಕರೆದಿರಲಿಲ್ಲ. "ಮೊದಲು ಹಾಲಲ್ಲಿ ನೆನೆಸು."

"ಹಾಲು ಕುಡಿಯೋಕೆ ಅದೇನು ಕರುವಾ?" ಅಂದ ಡೂರಿ. ಅವನನ್ನೂ ಕರೆದಿರಲಿಲ್ಲ. "ಪೊರೆ ಸುಲಿ, ತೆಳ್ಳಗೆ ಕೊಯ್ಯಿ, ಹಿಟ್ಟಲ್ಲಿ ಹೊರಳಿಸಿ ಬೆಣ್ಣೇಲಿ ಹಾಕು. ಉಪ್ಪು ಮಾತ್ರ ಕೊನೇಲಿ. ಮೊದಲೇ ಹಾಕಿದ್ಯೋ, ಬೂಟಿನ ಅಟ್ಟೆ ಆಗುತ್ತೆ."

ಮುರೇಜಿ ಈ ಸಲ ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಈರುಳ್ಳಿ ಕೆಂಪಗಾದವು, ಬೆಣ್ಣೆ ನೊರೆಯೆದ್ದಿತು, ಕಲೀಜದ ಚೂರುಗಳು ಒಂದೊಂದೇ ಬಾಣಲೆಗೆ ಇಳಿದವು. ಮನೆ ತುಂಬ ಎಂಥ ಪರಿಮಳ ಅಂದರೆ, ಬೈಯಲು ಬಂದ ಓನಾ ಒಲೆಯ ಹತ್ತಿರವೇ ನಿಂತುಬಿಟ್ಟಳು.

ಸರಿಯಾಗಿ ಆರಕ್ಕೆ ಬಾರ್ಬ್ಲಾ ಬಂದರು. ಕೈಯಲ್ಲಿ ಸಮುದ್ರ ತೀರದ ಹೋಟೆಲಿನ ಬಣ್ಣದ ಪುಸ್ತಿಕೆ. ಅದನ್ನು ಮೇಜಿನ ಮೇಲೆ ಹರಡಿ, "ಎಲ್ಲಿ, ನೋಡೋಣ," ಅಂದರು. ತಪ್ಪು ಹುಡುಕುವ ಕೆಂಪು ಪೆನ್ನು ಒಂದೇ ಕಡಿಮೆ.

ಮುರೇಜಿಗೆ ಗೊತ್ತಿದ್ದದ್ದು ಒಂದೇ: ಹೇಗಾದರೂ ಅತ್ತೆಯನ್ನು ಒಲಿಸಿಕೊಳ್ಳಬೇಕು. ಬಾಣಲೆಯಲ್ಲಿದ್ದ ಅತಿ ಚೆಂದದ ಚೂರನ್ನು ತನ್ನ ಬೇಟೆಯ ಚಾಕುವಿನ ತುದಿಯಿಂದ ಎತ್ತಿ, ತಲೆಬಾಗಿ, ಅವರ ತಟ್ಟೆಗೆ ಬಡಿಸಿದ. "ಮೊದಲನೇದು ನಿಮಗೇ, ಅತ್ತೆ."

ಕಸ್ಪರ್ ಮತ್ತು ಡೂರಿ ಮುಖ ಮುಖ ನೋಡಿಕೊಂಡರು. ಡೂರಿ ಕೆಮ್ಮಿದ. ಮೇಜಿನಡಿ ಕಸ್ಪರ್ ಮುರೇಜಿಯ ಕಾಲು ತುಳಿದ, ಆದರೆ ಹೊತ್ತು ಮೀರಿತ್ತು.

ಬಾರ್ಬ್ಲಾ ನಿಧಾನವಾಗಿ ಅಗಿದರು. ನುಂಗಿದರು. ಕರವಸ್ತ್ರದಿಂದ ತುಟಿ ಒತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿದ್ದವು.

"ಸಮುದ್ರ ಬೇಡ," ಅಂದರು.

ಮುರೇಜಿಗೆ ಎದ್ದು ಕುಣಿಯಬೇಕೆನಿಸಿತು. ಪ್ಯಾಂಟು ನೆನಪಾಗಿ ಕೂತೇ ಇದ್ದ.

"ವರ್ಷದ ಮೊದಲ ಬೇಟೆಯ ಮೊದಲ ತುತ್ತು ಯಾರ ತಟ್ಟೆಗೆ ಬೀಳುತ್ತೋ, ಮುಂದಿನ ವರ್ಷ ಅವರೇ ಬೇಟೆಗೆ ಜೊತೆಗಾರರು," ಅಂತ ಬಾರ್ಬ್ಲಾ ಮುಂದುವರಿಸಿದರು. "ಊರಿನ ಕಟ್ಟಳೆ. ನಿಮ್ಮ ಮಾವ ನಲವತ್ತು ವರ್ಷ ಬೇಟೆ ಆಡಿದ್ರು, ಮುರೇಜಿ. ನಲವತ್ತು ವರ್ಷವೂ ಆ ತುತ್ತು ನಾಯಿಗೆ ಹಾಕಿದ್ರು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಇವತ್ತು ನೀನು ಅಳಿಯ ಅಲ್ಲಪ್ಪ, ಮಗ. ಗುಡಿಸಲಲ್ಲಿ ಮಂಚ ಎರಡಿದೆ ತಾನೆ? ಕಿಟಕಿ ಕಡೇದು ನಂಗೆ. ಮೂರು ಗಂಟೆಗೇ ಎದ್ದುಬಿಡ್ತೀನಿ, ಎದ್ದವಳೇ ಗಟ್ಟಿಯಾಗಿ ಪ್ರಾರ್ಥನೆ ಹೇಳೋದು ಅಭ್ಯಾಸ. ಆಮೇಲೆ ದಿನವಿಡೀ ಮಾತಾಡ್ಕೊಂಡಿರಬಹುದು."

ಹನ್ನೊಂದು ವರ್ಷದಲ್ಲಿ ಒಂದೂ ಬೇಟೆ ಹೊಡೆಯದವನಿಗೆ ಮೊದಲ ತುತ್ತಿನ ಕಟ್ಟಳೆ ಎಲ್ಲಿ ನೆನಪಿರಬೇಕು? ಕಸ್ಪರ್ ಕಲೀಜ ಬಡಿಸಿಕೊಳ್ಳುವುದರಲ್ಲಿ ಮುಳುಗಿದ. ಡೂರಿಯ ಭುಜ ಮಾತ್ರ ಅಲುಗುತ್ತಿತ್ತು.

ಮುರೇಜಿ ಮೆಲ್ಲಗೆ ಕೈ ಚಾಚಿ ಆ ಬಣ್ಣದ ಪುಸ್ತಿಕೆಯನ್ನು ತನ್ನ ಕಡೆ ಎಳೆದುಕೊಂಡ. "ಅಲ್ಲಾ ಅತ್ತೆ, ಈ ಸಮುದ್ರ ಅಷ್ಟೇನೂ ಕೆಟ್ಟದಾಗಿಲ್ಲ. ಮೂವರೂ ಹೋಗಬಹುದಲ್ಲ. ಕೋಣೆ ಸಿಗುತ್ತೋ ಏನೋ."

"ಕೋಣೆ ಸಿಕ್ಕಿದೆ," ಅಂದಳು ಓನಾ. ಫೋನನ್ನು ಆಗಷ್ಟೇ ಮೇಜಿನ ಮೇಲಿಟ್ಟು ತಟ್ಟೆಗೆ ಕೈ ಹಾಕಿದ್ದಳು. "ಎರಡು ವಾರಕ್ಕೆ. ನನ್ನೊಬ್ಬಳಿಗೆ."