ಮುಟ್ಟಬಾರದ ಒಂಬತ್ತು ಬಿಲ್ಲೆಗಳು

ತೂತುಳ್ಳ ಟೈಟಾನಿಯಂ ಅನ್ನು ಬರಿಗೈಯಲ್ಲಿ ಮುಟ್ಟಬಾರದು. ನ್ಯೂಯಾರ್ಕ್ ಹತ್ತಿರದ ಸಮರ್‌ಸೆಟ್‌ನ ನಮ್ಮ ಲ್ಯಾಬಿನ ಬಾಗಿಲ ಮೇಲೆ ಇದನ್ನು ದಪ್ಪಕ್ಷರದಲ್ಲಿ ಅಂಟಿಸಿದವನು ನಾನೇ. ಓದದವರು ಯಾರೂ ಇಲ್ಲ. ಓದುತ್ತ ಓದುತ್ತಲೇ ಮುಟ್ಟುತ್ತಾರೆ. ವರ್ಷಗಟ್ಟಲೆ ನೋಡಿ ಈಗ ಸಿಟ್ಟೂ ಬರುವುದಿಲ್ಲ, ಬರೀ ಸುಸ್ತು.

ನಾವು ಮಾಡುವುದು ಹಾಳಾದ ಮೂಳೆಯ ಜಾಗದಲ್ಲಿ ಕೂರಿಸುವ ಲೋಹ. ಸೆಟ್ ದೋಸೆಯ ಹಾಗೆ ಮೈತುಂಬ ತೂತು. ಆ ತೂತುಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳಬೇಕು. ಬೆರಳಿನ ಜಿಡ್ಡು ಒಳಗಿಳಿದರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಕಳೆದ ಚಳಿಗಾಲದಲ್ಲಿ ಮೂರು ತಿಂಗಳು ಹೆಣಗಿ ನಾಣ್ಯದಗಲದ ಒಂಬತ್ತು ಬಿಲ್ಲೆ ಮಾಡಿದೆವು. ಪರೀಕ್ಷೆಗೆ ಕಳಿಸಲು ಕನಿಷ್ಠ ಆರು ಬೇಕು. ಐದಾದರೆ ಮೊದಲಿನಿಂದ ಶುರು.

೧. ಬಾಸ್‌ಗೆ ಫೀಲ್ ಬೇಕಿತ್ತು

ಬಾಸ್ ಅತಿಥಿಗಳನ್ನು ಕರೆತಂದರು. ಎಲ್ಲರಿಗೂ ತಾವೇ ನಿಂತು ಗ್ಲೌಸ್ ಹಾಕಿಸಿದರು. ಸಂತೋಷವಾಯಿತು. ಆಮೇಲೆ ತಮ್ಮ ಬಲಗೈ ಗ್ಲೌಸ್ ಕಳಚಿ ಒಂದು ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದರು.

"ಗ್ಲೌಸ್ ಇದ್ದರೆ ಫೀಲ್ ಗೊತ್ತಾಗಲ್ಲ ನೋಡಿ."

"ಗೊತ್ತಾಗಬೇಕಾದ್ದು ಮೂಳೆಗೆ ಸರ್, ನಿಮಗಲ್ಲ," ಎಂದೆ.

ಆ ವರ್ಷದ ನನ್ನ ರಿವ್ಯೂನಲ್ಲಿ 'ಟೀಮ್ ಪ್ಲೇಯರ್ ಅಲ್ಲ' ಎಂದು ಬರೆದರು. ಬಿಲ್ಲೆ ಎಂಟಾಯಿತು.

೨. ಡಾಕ್ಟರ ಕೈ

ನ್ಯೂಯಾರ್ಕ್‌ನ ಬೆಲ್‌ರೋಸ್‌ನಿಂದ ಡ್ರೈವ್ ಮಾಡಿಕೊಂಡು ಬಂದ ಮೂಳೆ ಡಾಕ್ಟರು ಮೈಸೂರಿನವರು. ಸಿಂಕಿನ ಮುಂದೆ ನಿಂತು ಮೊಣಕೈವರೆಗೆ ಐದು ನಿಮಿಷ ಉಜ್ಜಿ ತೊಳೆದರು. ಎಂಥ ಶಿಸ್ತು ಅಂದುಕೊಳ್ಳುವಷ್ಟರಲ್ಲಿ ಬರಿಗೈಯಲ್ಲಿ ಬಿಲ್ಲೆ ಎತ್ತಿದರು.

"ಡಾಕ್ಟ್ರೇ, ಗ್ಲೌಸ್!"

"ಏನ್ರೀ ಇಷ್ಟೊಂದು ಮಡಿ! ಈ ಕೈಗಿಂತ ಕ್ಲೀನ್ ಕೈ ಇಡೀ ನ್ಯೂಯಾರ್ಕ್‌ನಲ್ಲಿ ತೋರಿಸಿ ನೋಡೋಣ."

"ಆಪರೇಷನ್ನಿಗೂ ಹೀಗೇನಾ?"

"ಛೆ ಛೆ, ಅಲ್ಲಿ ಪೇಷೆಂಟ್ ಇರ್ತಾರಲ್ರೀ!"

ಏಳು.

೩. ನಿಯಮ ಪರಿಶೀಲನೆ

ಆಡಿಟರ್ ಬಂದದ್ದೇ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು. ಬಾಗಿಲ ಮೇಲಿನದನ್ನು ಗಟ್ಟಿಯಾಗಿ ಓದಿದರು. ಒಂದು ಬಿಲ್ಲೆಯನ್ನು ಬರಿಗೈಯಲ್ಲಿ ಹಿಡಿದು, "ಈಗ ಯಾರೋ ಹೀಗೆ ಮುಟ್ಟಿದರು ಅಂತಿಟ್ಟುಕೊಳ್ಳಿ. ಏನು ಮಾಡ್ತೀರಿ?" ಎಂದರು.

"ಬಿಸಾಡುತ್ತೇವೆ," ಎಂದು ಅವರ ಕೈಯಿಂದಲೇ ತೆಗೆದುಕೊಂಡು ಬಿಸಾಡಿದೆ.

"ವೆರಿ ಗುಡ್," ಎಂದು ಟಿಕ್ ಹಾಕಿದರು.

ಸರಿಯಾಗಿ ಆರು ಉಳಿದವು.

೪. ಪ್ಯಾಕಿಂಗ್ ದಿನ

ಪ್ಯಾಕ್ ಮಾಡುವ ಟೆಕ್ನಿಷಿಯನ್ ಧಾರವಾಡದ ಕಡೆಯವರು, ಮಿತಭಾಷಿ. ಈ ಕೆಲಸ ಕಲಿಸಿದವನು ನಾನು. ಲ್ಯಾಬಿನಲ್ಲಿ ನಾವಿಬ್ಬರೇ. ಕೊರಿಯರ್‌ನವನ ಫೋನ್ ಬಂತೆಂದು ಗ್ಲೌಸ್ ತೆಗೆದಿದ್ದೆ. ಮಾತು ಮುಗಿಸಿದವನು ಸುಮ್ಮನಿರಬಾರದೇ? ಕಲಿಸಿದ್ದನ್ನೇ ಮತ್ತೆ ಕಲಿಸತೊಡಗಿದೆ.

"ನೋಡಿ ಮೇಡಂ, ಜನ ಏನು ಮಾಡ್ತಾರೆ ಅಂದ್ರೆ, ಹೀಗೆ ಎರಡು ಬೆರಳಲ್ಲಿ ಎತ್ತಿಬಿಡ್ತಾರೆ."

ಅವರು ನನ್ನ ಎರಡು ಬೆರಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನಡುವೆ ಬಿಲ್ಲೆ ಇತ್ತು.

"ಕೈ ಹಚ್ಚಿದ್ರೆಲ್ರಿ ಸರ."

"ಬರೀ ಅಂಚು, ಮೇಡಂ."

"ಅಂಚಿಗೂ ತೂತ ಅದಾವ್ರಿ."

"ಆಲ್ಕೋಹಾಲ್‌ನಲ್ಲಿ ಒಂದ್ಸಲ ತೊಳೆದುಬಿಡೋಣ."

"ತೊಳದ್ರ ಹೋಗೂದಿಲ್ಲ ಅಂತ ನೀವ ಕಲಿಸೀರಿ."

"ಮೂರು ತಿಂಗಳ ಕೆಲಸ, ಮೇಡಂ. ಇಲ್ಲಿ ಇರೋದು ನೀವು, ನಾನು, ಇಬ್ಬರೇ." ಇದನ್ನು ಹೇಳಿದ್ದು ನನ್ನ ಬಾಯೇ ಎಂದು ನನಗೇ ನಂಬಿಕೆ ಬರಲಿಲ್ಲ.

ಅವರು ಚಿಮಟದಲ್ಲಿ ಬಿಲ್ಲೆಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು ಕೆಟ್ಟ ಬಿಲ್ಲೆಗಳ ಕೆಂಪು ಡಬ್ಬಿಗೆ ಹಾಕಿದರು. ಕೊರಿಯರ್‌ನವನಿಗೆ ಫೋನ್ ಮಾಡಿ ಬರಬೇಡ ಎಂದರು. ರಿಜೆಕ್ಟ್ ಫಾರ್ಮ್ ತೆಗೆದು, ಮುಟ್ಟಿದವರ ಹೆಸರಿನ ಜಾಗದಲ್ಲಿ ದುಂಡಗೆ ನನ್ನ ಹೆಸರು ಬರೆದು, ನನ್ನ ಮುಂದೆ ತಳ್ಳಿದರು.

"ಸಹಿ ಮಾಡ್ರಿ ಸರ. ಇದಕ್ಕ ಗ್ಲೌಸ್ ಬೇಕಾಗಿಲ್ಲ."