ಮೊಣಕಾಲಿಗೊಂದು ಪ್ರಾರ್ಥನೆ

ಎಲ್ಜಿ ಟಾರ್ಪ್ಲಿ ತನ್ನ ಮೊಣಕಾಲು ನೋವನ್ನು ಚರ್ಚಿನಲ್ಲಿ ಎದ್ದು ನಿಂತು ಹೇಳಬಾರದಿತ್ತು. ಹೆಂಡತಿಗೆ ಹೇಳಿದ್ದರೆ ಒಂದಿಷ್ಟು ಎಣ್ಣೆಯಲ್ಲಿ ಮುಗಿದುಹೋಗುತ್ತಿತ್ತು.

ಬರ್ಮಿಂಗ್‌ಹ್ಯಾಮಿನ ನಮ್ಮ ಕೇರಿಗೆ ‘ರೆಡ್ ಕ್ಯಾಪ್ಸ್’ ಎಂಬ ಬೇಸ್‌ಬಾಲ್ ತಂಡವಿತ್ತು. ಬಿಳಿಯರ ಲೀಗು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ನಮ್ಮ ಆಟ ನೋಡಿದವರಿಗೆ ಅವರ ಆಟ ರುಚಿಸುತ್ತಲೂ ಇರಲಿಲ್ಲ. ತಂಡದ ಮ್ಯಾನೇಜರ್ ಟಾರ್ಪ್ಲಿ. ಮೈದಾನದ ಆ ತುದಿಯಲ್ಲಿ ನಿಂತು ಎತ್ತರದ ಚೆಂಡುಗಳನ್ನು ಹಿಡಿಯುವವನೂ ಅವನೇ. ಓಡಿ ಓಡಿ ಕಾಲು ಸೋತಿತ್ತು. ಇನ್ನು ಬರೀ ಮ್ಯಾನೇಜರಾಗಿ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕೆಂಬುದೊಂದೇ ಅವನ ಆಸೆ. ಮನೆಯ ಬೆತ್ತದ ಕುರ್ಚಿಯನ್ನು ಮೈದಾನಕ್ಕೆ ಸಾಗಿಸಿಯೂ ಆಗಿತ್ತು. ನೋವಿನ ಸುದ್ದಿ ಊರಿಗೆಲ್ಲ ತಿಳಿದರೆ, ಕೂತದ್ದಕ್ಕೆ ಯಾರೂ ಆಡಿಕೊಳ್ಳುವುದಿಲ್ಲವೆಂದು ಭಾನುವಾರದ ಆರಾಧನೆಯಲ್ಲಿ, “ನನ್ನ ಮೊಣಕಾಲಿಗೋಸ್ಕರ ಪ್ರಾರ್ಥನೆ ಮಾಡಿ” ಎಂದುಬಿಟ್ಟ.

ಮಾಡಿದರು ನೋಡಿ! ಮ್ಯಾಚ್ ಇದ್ದ ದಿನ ಉಪದೇಶವನ್ನು ಮೊಟಕು ಮಾಡುವ ಪಾದ್ರಿ ಅಂದು ಬೆವರು ಕಿತ್ತುಬರುವಂತೆ ಪ್ರಾರ್ಥಿಸಿದರು. ಹಾಡುವ ಹೆಂಗಸರು ಕಣ್ಣೀರಿಟ್ಟರು. ಲುಡೆಲ್ಲಾ ಅಕ್ಕ ಹೆಬ್ಬಾತಿನ ಕೊಬ್ಬು ತಂದು, ಬೇಡಬೇಡವೆಂದರೂ ಅವನ ಪ್ಯಾಂಟು ಮೇಲೇರಿಸಿ ತಿಕ್ಕಿಯೇ ತಿಕ್ಕಿದಳು.

ಆರಾಧನೆ ಮುಗಿದದ್ದೇ ಜನರೆಲ್ಲ ಟೋಪಿ, ಬೀಸಣಿಗೆಗಳ ಸಮೇತ ಮೈದಾನಕ್ಕೆ ನಡೆದರು. ಟಾರ್ಪ್ಲಿ ತನ್ನ ಜಾಗಕ್ಕೆ ಬೇರೊಬ್ಬನನ್ನು ಕಳಿಸಿ, ಕುರ್ಚಿಯಲ್ಲಿ ಕೂತು ಕಾಲು ಚಾಚಿದ.

“ಇದೇನಯ್ಯಾ, ಕೂತ್ಬಿಟ್ಟೆ?” ಕ್ಷೌರದಂಗಡಿಯ ಹೊಸಾಯ ಬೇಲಿ ಹಿಂದಿನಿಂದ ಕೂಗಿದ. “ನಾವು ಅಷ್ಟೊತ್ತು ಮಂಡಿಯೂರಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?”

“ಇನ್ನೂ ನೋವಿದೆ ಕಣೋ.”

“ಅಂದ್ರೆ ಪಾದ್ರಿಗಳ ಪ್ರಾರ್ಥನೆ ಫಲಿಸ್ಲಿಲ್ಲ ಅಂತೀಯಾ?”

ಪಾದ್ರಿಯ ಮುಖ ಸಣ್ಣದಾಯಿತು. ಲುಡೆಲ್ಲಾ ಸೊಂಟಕ್ಕೆ ಕೈಯಿಟ್ಟಳು. “ನನ್ನ ಕೊಬ್ಬು ವಾಪಸ್ ಕೊಡು ಹಾಗಾದ್ರೆ!”

ಟಾರ್ಪ್ಲಿ ಕಿವುಡನಂತೆ ಕೂತ. ಆದರೆ ಆಟ ಕೊನೆಗೆ ಬರುವಷ್ಟರಲ್ಲಿ ಅವನ ಬದಲಿಗೆ ನಿಂತವನು ಚೆಂಡು ಬಿಟ್ಟೂ ಬಿಟ್ಟೂ ಗೆಲುವು ಕೈಜಾರುವಂತಾಗಿತ್ತು. ಇಡೀ ಸಭೆಯೇ ಎದ್ದು ನಿಂತು, ಚರ್ಚಿನ ರಾಗದಲ್ಲೇ, “ಏಳೋ ಟಾರ್ಪ್ಲಿ, ಏಳೋ” ಎಂದು ಹಾಡತೊಡಗಿತು. ಇನ್ನು ಕೂತರೆ ನಾಸ್ತಿಕನೆನಿಸಿಕೊಳ್ಳಬೇಕು. ಅವನು ಕುಂಟುತ್ತ ಹೋಗಿ ನಿಂತ.

ನಿಂತದ್ದೇ ತಡ, ಚೆಂಡು ಅವನತ್ತಲೇ ಬಂತು. ಹಿಮ್ಮುಖವಾಗಿ ಓಡಿದ, ಮೊಣಕಾಲು ಕೈಕೊಟ್ಟಿತು, ಅಂಗಾತ ಬಿದ್ದ. ಕಣ್ಣು ತೆರೆದು ನೋಡಿದರೆ ಚೆಂಡು ಕೈಗವಸಿನೊಳಗಿತ್ತು. ಎದುರಾಳಿಗಳ ಕೊನೆಯವನು ಔಟಾಗಿ ತಂಡ ಗೆದ್ದಿತ್ತು.

“ಹಲ್ಲೆಲೂಯಾ!” ಎಂದ ಪಾದ್ರಿಯ ಕೂಗು ಉಕ್ಕಿನ ಕಾರ್ಖಾನೆಯವರೆಗೂ ಕೇಳಿಸಿತಂತೆ.

ತಂಡದ ಮಾಲೀಕ ಗೇನ್ಸ್ ಊರಿನ ಹೆಣ ಹೂಳುವ ವ್ಯಾಪಾರಸ್ಥ. ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಅವನು ಟಾರ್ಪ್ಲಿಯನ್ನು ಎಬ್ಬಿಸಿ ನಿಲ್ಲಿಸಿದ.

“ಇಂಥಾ ಆಟಗಾರನ್ನ ಇಷ್ಟೊತ್ತು ಕೂರಿಸಿದ್ದು ಯಾವನು?”

“ಮ್ಯಾನೇಜರ್ರು, ಸ್ವಾಮಿ,” ಟಾರ್ಪ್ಲಿ ತಲೆ ತಗ್ಗಿಸಿದ.

“ಆ ಮ್ಯಾನೇಜರ್ ನನಗೆ ಬೇಡ. ಈ ಆಟಗಾರನ್ನ ಮಾತ್ರ ನಾನು ಹೂಳೋವರೆಗೂ ಬಿಡಲ್ಲ. ಏ ಹೊಸಾಯ, ಬೆಳಗಿಂದ ಬುದ್ಧಿ ಹೇಳ್ತಾನೇ ಇದೀಯಲ್ಲ, ಇನ್ಮೇಲೆ ತಂಡ ನೀನೇ ನೋಡ್ಕೊ.”

ಮರುದಿನ ಟಾರ್ಪ್ಲಿ ಅಭ್ಯಾಸಕ್ಕೆ ಬಂದಾಗ ಬೆತ್ತದ ಕುರ್ಚಿಯಲ್ಲಿ ಹೊಸಾಯ ಕಾಲು ಚಾಚಿ ಕೂತಿದ್ದ.

“ಬಾರಯ್ಯಾ ಟಾರ್ಪ್ಲಿ, ಮೈದಾನಕ್ಕೆ ಒಂದು ಸುತ್ತು ಓಡು. ಕುರ್ಚಿ ಒಳ್ಳೇದು ಕಣೋ, ಎಲ್ಲಿಂದ ತಂದೆ?”

ಟಾರ್ಪ್ಲಿಗೆ ಸಿಟ್ಟು ಬಂತು. ಆದರೂ ಅರ್ಧ ಸುತ್ತು ಓಡುವಷ್ಟರಲ್ಲಿ, ಅಂಗಾತ ಬಿದ್ದು ಹಿಡಿದ ಆ ಚೆಂಡು ನೆನಪಾಗಿ ನಗು ಬಂತು. ಮೊಣಕಾಲು ಮಾತ್ರ ಮೊದಲಿನಂತೆಯೇ ನೋಯುತ್ತಿತ್ತು. ಈ ಸಲ ಅವನು ಯಾರಿಗೂ ಹೇಳಲಿಲ್ಲ.