ಮಾದರಿ ಮಣ್ಣು

ಮಣ್ಣು ಪರೀಕ್ಷಾ ಕಚೇರಿ ಆರಂಭವಾದ ದಿನದಿಂದ ಒಂದು ಹಿಡಿ ಮಣ್ಣೂ ಅಲ್ಲಿ ನಪಾಸಾಗಿಲ್ಲ ಎಂಬುದು ನಿರ್ವಿವಾದ ಸಂಗತಿ. ಪರೀಕ್ಷೆ ನಡೆದರೆ ತಾನೇ ನಪಾಸಾಗುವುದು ಎನ್ನುವವರು ಹೊಟ್ಟೆಕಿಚ್ಚಿನವರು.

ಈ ಕಚೇರಿಗೆ ಒಂದು ಬೆಳಿಗ್ಗೆ ಹೊಲಿಗೆಯಕ್ಕ ಬಂದಳು. ಅವಳ ಹಿತ್ತಲ ಟೊಮೇಟೊ ಗಿಡಗಳು ಬುಡದಿಂದ ಹಳದಿಯಾಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಗಿಡಗಳ ಜೊತೆ ಮಾತ್ರ. "ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಕ್ಕಾ, ಕಣ್ಣು ಮುಚ್ಚಿಕೊಂಡು ಗೊಬ್ಬರ ಸುರಿದ್ರೆ ಬೇರು ಸುಟ್ಟುಹೋಗುತ್ತೆ" ಎಂದಿದ್ದ ಗೊಬ್ಬರದಂಗಡಿಯವನು. ಪಾಪ, ಅವಳು ನಂಬಿದಳು. ಮೂಲೆಮೂಲೆಯಲ್ಲಿ ಗೇಣುದ್ದ ಅಗೆದು, ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ, ಬಟ್ಟೆಚೀಲಕ್ಕೆ ತುಂಬಿದಳು. ಗಿರಾಕಿಗಳು ಅಳತೆಗೆಂದು ಕೊಡುವ ಹಳೆಯ ಅಂಗಿಗೆ ಅವಳ ಅಂಗಡಿಯಲ್ಲಿ 'ಮಾದರಿ ಅಂಗಿ' ಎನ್ನುವುದು ರೂಢಿ. ಅದೇ ರೂಢಿಯಲ್ಲಿ ಚೀಲದ ಮೇಲೆ ಕೆಂಪು ದಾರದಿಂದ 'ಮಾದರಿ ಮಣ್ಣು' ಎಂದು ಹೊಲಿದಳು.

ಗುಮಾಸ್ತರು ಓದಿ ಎದ್ದು ನಿಂತರು. "ಮಣ್ಣಿನ ಮಾದರಿ ತಂದಿದ್ರೆ ಪರೀಕ್ಷೆ ಮಾಡ್ತಿದ್ವಿ. ಇದು ಮಾದರಿ ಮಣ್ಣು! ಮಾದರಿಯನ್ನ ಪರೀಕ್ಷೆ ಮಾಡೋಕೆ ನಾವ್ಯಾರು ತಾಯಿ?"

"ಅಯ್ಯೋ, ಹಾಗಲ್ಲ ಸಾರ್, ಅಲ್ಲಿ ಗಿಡ ಸಾಯ್ತಾ ಇದೆ."

"ಅದು ಗಿಡದ ತಪ್ಪು," ಎಂದರು ಒಳಗಿನಿಂದ ಬಂದ ಅಧಿಕಾರಿಗಳು. "ಗಿಡ ನಮ್ಮ ವಿಭಾಗಕ್ಕೆ ಬರೋದಿಲ್ಲ."

ಸಂಜೆಯೊಳಗೆ ಅವಳ ಹಿತ್ತಲಿಗೆ ಬೇಲಿ ಬಿತ್ತು, ಫಲಕ ಎದ್ದಿತು: "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಮಣ್ಣು ಮಾದರಿಯಾಗಿರುವುದರಿಂದ ಇದಕ್ಕೆ ಗೊಬ್ಬರ ಹಾಕುವುದನ್ನು ಮಾನಹಾನಿ ಎಂದು ಪರಿಗಣಿಸಲಾಗುವುದು. ನೀರು ಹಾಕುವವರು ಪೂರ್ವಾನುಮತಿ ಪಡೆಯತಕ್ಕದ್ದು."

ಅಧಿಕಾರಿಗಳು ಅಧ್ಯಯನಕ್ಕೆಂದು ಮೇಲ್ಮಣ್ಣನ್ನೆಲ್ಲ ಮೂಟೆ ಕಟ್ಟಿ ಮನೆಗೆ ಸಾಗಿಸಿದರು. ಅವರ ಮನೆಯ ಕುಂಡಗಳಲ್ಲಿ ಆ ಅಧ್ಯಯನ ಇಂದಿಗೂ ಹೂ ಬಿಡುತ್ತಿದೆ.

ಹೊಲಿಗೆಯಕ್ಕ ಒಂದು ಚೊಂಬು ನೀರು ಹಿಡಿದು ಬೇಲಿ ದಾಟಲು ಹೋದಾಗ ಕಾವಲುಗಾರ ಅಡ್ಡ ಬಂದ. ಅವಳಿಗೆ ಅಳು ಒತ್ತರಿಸಿ ಬಂತು. "ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದು ಶಾಪ ಹಾಕಿದಳು. "ಫಲಾನುಭವಿಯು ತಮ್ಮ ಮಣ್ಣಿನಲ್ಲಿ ಸಿಬ್ಬಂದಿಗೂ ಪಾಲು ಸಿಗಲೆಂದು ಹಾರೈಸಿರುತ್ತಾರೆ" ಎಂದು ವರದಿ ಹೋಯಿತು.

ಗಿಡಗಳು ಒಂದೊಂದಾಗಿ ಒಣಗಿ ಕಡ್ಡಿಯಾದವು. ತಪಾಸಣೆಗೆ ಬಂದ ಅಧಿಕಾರಿಗಳು ಅವನ್ನು ಸುತ್ತಿ ಸುತ್ತಿ ನೋಡಿದರು. ಹುಳುವಿಲ್ಲ, ರೋಗವಿಲ್ಲ, ಹಳದಿ ಎಲೆ ಹುಡುಕಿದರೂ ಇಲ್ಲ, ಗೊಬ್ಬರ ಬೇಡವೇ ಬೇಡ. ಅಲ್ಲೇ ನಿಂತು ಅವನ್ನು ಮಾದರಿ ಗಿಡಗಳೆಂದು ಘೋಷಿಸಿದರು. ಭಾಷಣವಾಯಿತು, ಚಪ್ಪಾಳೆಯಾಯಿತು. ಹೊಲಿಗೆಯಕ್ಕ ಪ್ರಶಸ್ತಿಪತ್ರ ಹಿಡಿದು, ಫೋಟೋದವನು ಹೇಳಿದಂತೆ ನಕ್ಕಳು. ಬೀದಿಯವರೆಲ್ಲ ಅವಳ ಅದೃಷ್ಟಕ್ಕೆ ಕರುಬಿದರು.

ಮರುದಿನ ಪಕ್ಕದ ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು ಬಂದಳು. "ಅಕ್ಕಾ, ನಮ್ಮ ಗಿಡ ಇನ್ನೂ ಹಸಿರಾಗೇ ಇದೆ. ಏನ್ ಮಾಡ್ಲಿ?"

ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸುತ್ತಾ ಸಮಾಧಾನ ಹೇಳಿದಳು: "ಹೆದರಬೇಡಮ್ಮ, ಪರೀಕ್ಷೆಗೆ ಕೊಡು."